ಬೇವಿನ ಪುಡಿಗೆ ಮೂರು ಸ್ಟಾರ್, ಡಬ್ಬದ ಮೇಲಿನ ಸಲಹೆಗೆ ಸೊನ್ನೆ

32 ದಾಟಿದ ಮೇಲೆ ಗದ್ದದ ತುಂಬ ಮೊಡವೆ. ಸುಮ್ನೆ ಕ್ರೀಮು ಬೇಡ ಅಂತ ಕಹಿಬೇವು, ಅರಿಶಿನ, ಶ್ರೀಗಂಧ, ಮುಲ್ತಾನಿ ಮಿಟ್ಟಿ ಸೇರಿದ ಫೇಸ್‌ಪ್ಯಾಕ್ ಪುಡಿ ತಂದೆ. ಆರು ತಿಂಗಳಾಯಿತು.

ಮೊದಲು ಒಳ್ಳೆಯದು. ಪುಡಿ ನುಣುಪಾಗಿದೆ, ಕೈಗೆ ಮರಳು ಸಿಗುವುದಿಲ್ಲ. ನೀರಲ್ಲಿ ಕಲಸಿ ವಾರಕ್ಕೆ ಎರಡು ಸಲ ಹಚ್ಚಿದರೆ ಎಣ್ಣೆ ಜಿಡ್ಡು ಹೋಗುತ್ತದೆ. ಕೀವು ತುಂಬಿದ ಸಣ್ಣ ಮೊಡವೆಗಳು ಬೇಗ ಒಣಗಿದವು. ಚರ್ಮದ ಆಳದಲ್ಲಿ ಗಂಟು ಕಟ್ಟಿದವು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪ್ಯಾಕ್ ಬಿರುಕು ಬಿಡುವ ತನಕ ಕಾದರೆ ಕೆನ್ನೆ ಬಿಗಿಯುತ್ತದೆ, ಇನ್ನೂ ಹಸಿ ಇರುವಾಗಲೇ ತೊಳೆಯಬೇಕು. ದಿಂಬಿನ ಕವರು ಅರಿಶಿನಕ್ಕೆ ಬಲಿಯಾಯಿತು, ಅದು ಬೇರೆ.

ಈಗ ನನ್ನ ಸಿಟ್ಟು. 'ಹೆಚ್ಚಿನ ಫಲಿತಾಂಶಕ್ಕೆ ನಿಂಬೆರಸದಲ್ಲಿ ಕಲಸಿ' ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿದೆ. ಒಂದು ಭಾನುವಾರ ನಂಬಿದೆ. ಉರಿಯಿತು, ತೊಳೆದೆ, ಬಟ್ಟೆ ಒಣಹಾಕಲು ಬಿಸಿಲಿಗೆ ಹೋದೆ. ಎರಡು ದಿನಕ್ಕೆ ರಸ ಇಳಿದಿದ್ದ ದಾರಿಯಲ್ಲೇ, ಗದ್ದದಿಂದ ಕತ್ತಿನವರೆಗೆ ಕಂದು ಗೆರೆ! ಚರ್ಮದ ಡಾಕ್ಟರು ನೋಡಿದ ಕೂಡಲೇ ನಿಂಬೆಹಣ್ಣಾ ಅಂತ ಕೇಳಿದರು. ನಿಂಬೆರಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 2, ಚರ್ಮದ್ದು 5ರ ಆಸುಪಾಸು. ಜೊತೆಗೆ ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದರೆ ಚರ್ಮ ಸುಡುತ್ತವೆ. ಮೊಡವೆ ವಾರದಲ್ಲಿ ಹೋಗಿತ್ತು, ಕಲೆ ಹೋಗಲು ನಾಲ್ಕು ತಿಂಗಳು ಹಿಡಿಯಿತು.

ಇನ್ನೊಂದು ತಕರಾರು: ನಾಲ್ಕು ಹೆಸರು ಬರೆದು 'ಮತ್ತು ಇತರ ಮೂಲಿಕೆಗಳು' ಅಂತ ಮುಗಿಸಿದ್ದಾರೆ. ಯಾವ ಇತರ? ಅಲರ್ಜಿ ಆದವರು ಏನೆಂದು ಹುಡುಕಬೇಕು? ಹರ್ಬಲ್ ಅಂತ ಮಾರುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಸಿಕ್ಕಿದ್ದೂ ಉಂಟು. ಮೂರೇ ದಿನಕ್ಕೆ ಮುಖ ಫಳಫಳ ಅಂದು, ನಿಲ್ಲಿಸಿದ ತಕ್ಷಣ ಮೊದಲಿಗಿಂತ ಜಾಸ್ತಿ ಎದ್ದರೆ ಅನುಮಾನಪಡಿ. ಈ ಪುಡಿಯಲ್ಲಿ ನನಗೆ ಹಾಗೇನೂ ಆಗಿಲ್ಲ.

ಈಗ ಗಂಟು ಮೊಡವೆಗೆ ಡಾಕ್ಟರು ಕೊಟ್ಟ ಜೆಲ್. ಸಣ್ಣವಕ್ಕೆ ಟೀ ಟ್ರೀ ಎಣ್ಣೆಯ (ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಒಂದು ಮರದ ಎಲೆಯದು) 5 ಪರ್ಸೆಂಟ್ ಜೆಲ್. 1990ರಲ್ಲಿ 124 ಜನರ ಮೇಲೆ ಇದನ್ನು ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮೊಡವೆ ಔಷಧದ ಜೊತೆ ಹೋಲಿಸಿ ನೋಡಿದ್ದರು. ಎರಡೂ ಕೆಲಸ ಮಾಡಿದವು. ಟೀ ಟ್ರೀ ನಿಧಾನ, ಆದರೆ ತೊಂದರೆ ಕಡಿಮೆ. 5 ಪರ್ಸೆಂಟ್ ಅಂದರೆ ಉಳಿದ 95 ಬೇರೆಯದು, ಅಲ್ವಾ? ಹಾಗಾಗಿ ಬರೀ ಎಣ್ಣೆಯನ್ನು ಬಾಟಲಿಯಿಂದ ನೇರ ಹಚ್ಚಬೇಡಿ. ಹಳೆಯ, ಗಾಳಿಯಾಡಿದ ಬಾಟಲಿಯಂತೂ ಬೇಡವೇ ಬೇಡ.

ಪುಡಿ ಇನ್ನೂ ಅರ್ಧ ಡಬ್ಬ ಉಳಿದಿದೆ. ನೀರಲ್ಲೇ ಕಲಸುತ್ತೇನೆ. ಹೊಸಬರು ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಮುಖ.