ಕೊಲಂಬೊ ಪೂರ್ತಿ ಸರಣಿ: 34 ಡಿಸ್ಕ್‌ಗಳಲ್ಲಿ ಪೀಟರ್ ಫಾಲ್ಕ್

ಕೊಲಂಬೊ ಎಂಬ ಪೊಲೀಸ್ ಲೆಫ್ಟಿನೆಂಟನಾಗಿ ಪೀಟರ್ ಫಾಲ್ಕ್ ನಟಿಸಿದ ಅಮೆರಿಕದ ಪತ್ತೇದಾರಿ ಟಿವಿ ಧಾರಾವಾಹಿ ‘ಕೊಲಂಬೊ’. ಯೂನಿವರ್ಸಲ್ ಸಂಸ್ಥೆ 2012ರಲ್ಲಿ ಅಮೆರಿಕದಲ್ಲಿ ಹೊರತಂದ ‘ಕೊಲಂಬೊ: ದಿ ಕಂಪ್ಲೀಟ್ ಸೀರೀಸ್’ ಪೆಟ್ಟಿಗೆಯಲ್ಲಿ 34 ಡಿವಿಡಿಗಳಿವೆ, ಒಟ್ಟು 69 ಕಂತುಗಳು. 1968ರ ಮೊದಲ ಕಂತಿನಲ್ಲಿ ಪೀಟರ್ ಫಾಲ್ಕ್ ಅವರಿಗೆ 40 ವರ್ಷ. 2003ರ ಜನವರಿ 30ರಂದು ಪ್ರಸಾರವಾದ ಕೊನೆಯ ಕಂತಿನ ಹೊತ್ತಿಗೆ 75. ಒಬ್ಬ ನಟ ಒಂದೇ ಪಾತ್ರದೊಳಗೆ ಮಾಗುವುದನ್ನೂ ಆಮೇಲೆ ನಿಧಾನವಾಗಿ ದಣಿಯುವುದನ್ನೂ ಇಷ್ಟು ಉದ್ದಕ್ಕೆ ನೋಡುವ ಅವಕಾಶ ಅಪರೂಪ. ಫಾಲ್ಕ್ ಅವರ ಬದುಕು ತಿಳಿಯಬೇಕೆನ್ನುವವರು ಪುಸ್ತಕಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದನ್ನೇ. ಆದರೆ ಯಾವ ದೇಶದ ಪೆಟ್ಟಿಗೆ ಅನ್ನುವುದನ್ನು ನೋಡದೆ ದುಡ್ಡು ಕೊಟ್ಟರೆ ಒಂದು ಡಿಸ್ಕೂ ಓಡದೇ ಹೋಗಬಹುದು. ಅದನ್ನೇ ಮೊದಲು ಮುಗಿಸೋಣ.

ಡಿವಿಡಿಗಳನ್ನು ಪ್ರಪಂಚದ ಭಾಗಕ್ಕೊಂದು ಸಂಖ್ಯೆಯಂತೆ ‘ರೀಜನ್’ಗಳಾಗಿ ಹಂಚಿದ್ದಾರೆ, ಒಂದು ರೀಜನ್ನಿನ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದು. ಅಮೆರಿಕದ ಪೆಟ್ಟಿಗೆ ರೀಜನ್ 1. ಡಿವಿಡಿ ಲೆಕ್ಕದಲ್ಲಿ ಭಾರತ ರೀಜನ್ 5. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇದರಿಂದ ತೊಂದರೆ ಇಲ್ಲ, ಆದರೆ ಅಲ್ಲಿಂದ ಊರಿಗೆ ತರಿಸಿಕೊಳ್ಳುವವರ ಬಳಿ ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇರಬೇಕು. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಬರುತ್ತದೆ, ಆದರೆ ಐದೇ ಸಲ. ಐದನೆಯ ಸಲ ಯಾವುದಕ್ಕೆ ಬದಲಿಸಿದಿರೋ ಅಲ್ಲಿಗೇ ಡ್ರೈವ್ ಬೀಗ ಹಾಕಿಕೊಳ್ಳುತ್ತದೆ. ಬ್ರಿಟನ್ನಿನ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತೆಗೆದುಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಅದು ‘ಪಾಲ್’ ಎಂಬ ಟಿವಿ ಪದ್ಧತಿಯದು. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರಿಸಿದ ಫಿಲ್ಮನ್ನು ಅಲ್ಲಿ 25ರಲ್ಲಿ ಓಡಿಸುತ್ತಾರೆ, ಹಾಗಾಗಿ 76 ನಿಮಿಷದ ಕಂತು 73ಕ್ಕೆ ಮುಗಿಯುತ್ತದೆ. ಬೇರೆ ಧಾರಾವಾಹಿಯಾದರೆ ಯಾರಿಗೂ ಗೊತ್ತಾಗದು. ಇಲ್ಲಿ ಇಡೀ ಆಟ ನಿಂತಿರುವುದೇ ಫಾಲ್ಕ್ ಅವರ ತಡವರಿಸುವ ಲಯದ ಮೇಲೆ. ಮಾತಿನ ನಡುವಿನ ಆ ಮೌನಗಳು ಚೂರು ಕುಗ್ಗಿದರೂ ನಷ್ಟವೇ. ಆಯ್ಕೆ ಇದ್ದರೆ ಅಮೆರಿಕದ ಪೆಟ್ಟಿಗೆಯನ್ನೇ ಆರಿಸಿ.

ಚಿತ್ರದ ಗುಣಮಟ್ಟ ಮುಖ್ಯ ಅನ್ನುವವರಿಗೆ ಬ್ಲೂ-ರೇ ದಾರಿ ಇದೆ. ಕಿನೋ ಲಾರ್ಬರ್ ಸಂಸ್ಥೆ ಎನ್‌ಬಿಸಿ ವಾಹಿನಿಯ ಕಾಲದ 45 ಕಂತುಗಳನ್ನು ಬ್ಲೂ-ರೇಯಲ್ಲಿ ತಂದಿದೆ. ಇವೆಲ್ಲ 35 ಎಂಎಂ ಫಿಲ್ಮಿನಲ್ಲಿ ತೆಗೆದವು, ಆದ್ದರಿಂದ ಕೋಟಿನ ಸುಕ್ಕು, ಸಿಗಾರಿನ ಬೂದಿಯವರೆಗೂ ವಿವರ ಕಾಣುತ್ತದೆ. ಆದರೆ ಅದು ರೀಜನ್ ಎ, ಭಾರತ ಬ್ಲೂ-ರೇಯಲ್ಲಿ ರೀಜನ್ ಸಿ. ಇಲ್ಲಿಯೂ ಅದೇ ಎಚ್ಚರ ಬೇಕು.

ಟಿವಿಯಲ್ಲಿ ಮೂರು ಸೆಟ್ಟಿಂಗ್ ಸರಿ ಮಾಡಿಕೊಂಡೇ ಕೂರಬೇಕು. 70ರ ದಶಕದ ಕಂತುಗಳು 4:3 ಅಳತೆಯವು, ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಬರುವುದೇ ಸರಿಯಾದ ಚಿತ್ರ. ಪಟ್ಟಿ ಕಾಣಬಾರದೆಂದು ಹಿಗ್ಗಿಸಿದರೆ ಫಾಲ್ಕ್ ದಪ್ಪಗಾಗುತ್ತಾರೆ, ಜೂಮ್ ಮಾಡಿದರೆ ತಲೆಯ ಮೇಲ್ಭಾಗವೂ ಕೈಗಳೂ ಕತ್ತರಿಸಿಹೋಗುತ್ತವೆ. ಈ ನಟನ ಅರ್ಧ ಅಭಿನಯ ಕೈಯಲ್ಲೇ ಇದೆ! ಚಲನೆಯನ್ನು ನುಣುಪುಗೊಳಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಇರಲಿ. ಹಳೆಯ ಕಂತುಗಳ ಧ್ವನಿ ಮೋನೊ ಆದ್ದರಿಂದ ಸೌಂಡ್‌ಬಾರಿನ ಸರೌಂಡ್ ಪರಿಣಾಮವನ್ನೂ ತೆಗೆದುಬಿಡಿ. ಗೊಣಗುವ ಮಾತು ಆಗ ಸ್ಪಷ್ಟವಾಗಿ ಕೇಳುತ್ತದೆ.

ಇನ್ನು ಒಳಗಿರುವುದರ ಬಗ್ಗೆ. ಮೊದಲ ಕಂತು ‘ಪ್ರಿಸ್ಕ್ರಿಪ್ಷನ್: ಮರ್ಡರ್’ ಹಾಕಿದ ಹೊಸಬರು ಬೇಸರಪಡುವುದುಂಟು. ಕಾರಣ, ಸುಮಾರು ಅರ್ಧ ಗಂಟೆ ಕೊಲಂಬೊ ಬರುವುದೇ ಇಲ್ಲ. ಕೊಲೆಯನ್ನು ಮೊದಲೇ ಪೂರ್ತಿ ತೋರಿಸಿ, ಕೊಲೆಗಾರನನ್ನು ಪೊಲೀಸ್ ಲೆಫ್ಟಿನೆಂಟ್ ಹೇಗೆ ಹಿಡಿಯುತ್ತಾನೆ ಅನ್ನುವುದನ್ನೇ ಕಥೆ ಮಾಡುವುದು ಇದರ ಕಟ್ಟುಪಾಡು. ವಿಲಿಯಂ ಲಿಂಕ್ ಮತ್ತು ರಿಚರ್ಡ್ ಲೆವಿನ್‌ಸನ್ ಈ ಪಾತ್ರವನ್ನು ಫಾಲ್ಕ್ ಅವರಿಗಾಗಿ ಬರೆದದ್ದಲ್ಲ. ಅವರಿಗಿಂತ ಮೊದಲೇ ಟಿವಿಯಲ್ಲಿ ಬರ್ಟ್ ಫ್ರೀಡ್, ರಂಗದ ಮೇಲೆ ಥಾಮಸ್ ಮಿಚೆಲ್ ಇದನ್ನು ಆಡಿದ್ದರು. 1968ರ ಕಂತಿನ ಫಾಲ್ಕ್ ತಲೆ ಬಾಚಿಕೊಂಡು ಚೊಕ್ಕಟವಾಗಿದ್ದಾರೆ, ದನಿಯಲ್ಲಿ ಗಡಸು ಇದೆ. 1971ರ ‘ಮರ್ಡರ್ ಬೈ ದಿ ಬುಕ್’ಗೆ ಬಂದಾಗ ಕೂದಲು ಕೆದರಿದೆ, ನಡಿಗೆ ಸಡಿಲವಾಗಿದೆ, ಕಣ್ಣಿನಲ್ಲಿ ತುಂಟತನ ಇಳಿದಿದೆ. ಆ ಕಂತಿನ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್, ಆಗಿನ್ನೂ ಇಪ್ಪತ್ತೈದು ತುಂಬದ ಹುಡುಗ. ಈ ಎರಡನ್ನು ಬೆನ್ನಿಗೆ ಬೆನ್ನು ನೋಡಿದರೆ ಪಾತ್ರವನ್ನು ಕಟ್ಟಿದವರು ಯಾರು ಅನ್ನುವುದು ತಿಳಿಯುತ್ತದೆ. ಮಳೆಕೋಟು ಫಾಲ್ಕ್ ಅವರ ಸ್ವಂತದ್ದು. ಪಝೋ 403 ಕಾರನ್ನು ಸ್ಟುಡಿಯೊದ ವಾಹನಗಳ ನಡುವಿನಿಂದ ಹುಡುಕಿದವರೂ ಅವರೇ. ಎರಡನೆಯ ಸೀಸನ್ನಿನಲ್ಲಿ ನಾಯಿ ಕೊಡುತ್ತೇವೆಂದಾಗ ಬೇಡವೆಂದವರು, ಆ ಬ್ಯಾಸೆಟ್ ಹೌಂಡಿನ ಸೋತ ಮುಖ ನೋಡಿ ಒಪ್ಪಿಕೊಂಡರು.

ಅವರ ಹಿಂದಿನ ಬದುಕು ತಿಳಿದಿದ್ದರೆ ಅಭಿನಯದಲ್ಲಿ ಇನ್ನೂ ಹೆಚ್ಚು ಕಾಣುತ್ತದೆ. 1927ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಫಾಲ್ಕ್ ಅವರ ಬಲಗಣ್ಣನ್ನು ಮೂರನೆಯ ವಯಸ್ಸಿನಲ್ಲೇ ಅಕ್ಷಿಪಟದ ಕ್ಯಾನ್ಸರಿನಿಂದಾಗಿ ತೆಗೆಯಬೇಕಾಯಿತು. ಆ ಕಡೆ ಇದ್ದದ್ದು ಕೃತಕ ಕಣ್ಣು. ಕೊಲಂಬೊ ತಲೆ ವಾಲಿಸಿ, ಹುಬ್ಬು ಗಂಟಿಕ್ಕಿ ಓರೆಯಾಗಿ ನೋಡುವ ಆ ನೋಟದ ಮೂಲ ಅಲ್ಲಿದೆ. ವ್ಯಾಪಾರಿ ಹಡಗುಗಳಲ್ಲಿ ಅಡುಗೆ ಮಾಡಿದರು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ ಪಡೆದು, ಕನೆಟಿಕಟ್ ರಾಜ್ಯದ ಬಜೆಟ್ ಕಚೇರಿಯಲ್ಲಿ ದಕ್ಷತಾ ತಜ್ಞರಾಗಿ ದುಡಿದರು. ಪೂರ್ಣಾವಧಿ ನಟರಾದದ್ದು ಮೂವತ್ತರ ಅಂಚಿನಲ್ಲಿ. 1960ರ ‘ಮರ್ಡರ್, ಇಂಕ್.’ ಮತ್ತು 1961ರ ‘ಪಾಕೆಟ್‌ಫುಲ್ ಆಫ್ ಮಿರಕಲ್ಸ್’ ಚಿತ್ರಗಳಿಗೆ ಸಾಲಾಗಿ ಎರಡು ಸಲ ಪೋಷಕ ನಟ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. 1965ರಲ್ಲಿ ಸಿಕ್ಕ ವಕೀಲನ ಪಾತ್ರದ ಧಾರಾವಾಹಿ ಒಂದೇ ಸೀಸನ್ನಿಗೆ ನಿಂತಿತು. ಕೊಲಂಬೊ ಬಂದದ್ದು ಅದಾದ ಮೇಲೆ. ಚೀಟಿ, ಪೆನ್ಸಿಲ್ಲು, ರಸೀದಿಗಾಗಿ ಜೇಬು ತಡಕುವ ಆ ಲೆಫ್ಟಿನೆಂಟನಲ್ಲಿ ಸರ್ಕಾರಿ ಕಚೇರಿ ಕಂಡವರ ಅನುಭವ ಬೆರೆತಿದೆ ಅನ್ನಿಸದೆ ಇರದು. ಎದುರಿನ ನಟರಿಗೆ ಮೊದಲೇ ತಿಳಿಸದೆ ಇಂಥ ತಡಕಾಟಗಳನ್ನು ಅಲ್ಲೇ ಹುಟ್ಟಿಸುತ್ತಿದ್ದರು, ಆದ್ದರಿಂದಲೇ ಕೊಲೆಗಾರರ ಮುಖದಲ್ಲಿ ಕಾಣುವ ಕಿರಿಕಿರಿ ಎಷ್ಟೋ ಕಡೆ ನಿಜವಾದದ್ದು.

ಮೊದಲು ನೋಡಬೇಕಾದವು ಯಾವುವು? ವೈನ್ ತಯಾರಕನಾಗಿ ಡೊನಾಲ್ಡ್ ಪ್ಲೆಸೆನ್ಸ್ ಇರುವ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ (1973). ಇದರಲ್ಲಿ ಹಿಡಿಯುವವನಿಗೂ ಸಿಕ್ಕಿಬೀಳುವವನಿಗೂ ನಡುವೆ ಬೆಳೆಯುವ ಗೌರವವನ್ನು ಫಾಲ್ಕ್ ಬರೀ ದನಿ ತಗ್ಗಿಸಿ ತೋರಿಸುತ್ತಾರೆ. ಆಮೇಲೆ ‘ಎ ಸ್ಟಿಚ್ ಇನ್ ಕ್ರೈಮ್’ (1973). ಸದಾ ಸೌಮ್ಯನಾಗಿರುವ ಕೊಲಂಬೊ ಸಿಟ್ಟಿನಿಂದ ಮೇಜು ಕುಟ್ಟುವುದು ಇಲ್ಲಿ, ಎದುರಿಗೆ ಶಸ್ತ್ರವೈದ್ಯನಾಗಿ ಲೆನರ್ಡ್ ನಿಮೊಯ್. ‘ಬೈ ಡಾನ್ಸ್ ಅರ್ಲಿ ಲೈಟ್’ (1974) ಕಂತನ್ನು ಚಾರ್ಲ್ಸ್‌ಟನ್ನಿನ ದಿ ಸಿಟಡೆಲ್ ಸೈನಿಕ ಕಾಲೇಜಿನಲ್ಲೇ ಚಿತ್ರಿಸಿದರು, ಅದರಲ್ಲಿ ನಟಿಸಿದ ಪ್ಯಾಟ್ರಿಕ್ ಮೆಗೂಹನ್ ಅವರಿಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ತಂದುಕೊಟ್ಟಿತು. ಹಿರಿಯ ನಟಿ ರೂತ್ ಗಾರ್ಡನ್ ಇರುವ ‘ಟ್ರೈ ಅಂಡ್ ಕ್ಯಾಚ್ ಮಿ’ (1977) ತಪ್ಪಿಸಬಾರದು. ಇವುಗಳಲ್ಲಿ ಒಂದೂ ಹಿಡಿಸದಿದ್ದರೆ ಪೆಟ್ಟಿಗೆ ನಿಮಗಲ್ಲ. ಬರೀ ರುಚಿ ನೋಡಬೇಕಾದರೆ ಮೊದಲ ಸೀಸನ್ನಿನ ಬಿಡಿ ಡಿವಿಡಿ ಸಾಕು, ಆರಂಭದ ಎರಡು ಟೆಲಿಚಿತ್ರಗಳೂ ಸೇರಿ ಅದರಲ್ಲಿ ಒಂಬತ್ತು ಕಥೆಗಳಿವೆ.

ಬೇಸರ ತರುವ ಕಂತುಗಳೂ ಇವೆ, ಕಾರಣ ಬಹುಮಟ್ಟಿಗೆ ಸಮಯದ ಲೆಕ್ಕ. ಜಾಹೀರಾತು ಸೇರಿ 90 ನಿಮಿಷದ ಜಾಗಕ್ಕೆ ಮಾಡಿದವು 73ರಿಂದ 76 ನಿಮಿಷ ಓಡುತ್ತವೆ, ಬಿಗಿಯಾಗಿವೆ. ಎರಡು ಗಂಟೆಯ ಜಾಗಕ್ಕೆ ಮಾಡಿದವು 95 ನಿಮಿಷ ದಾಟುತ್ತವೆ, ಕಾರು ಓಡಿಸುವುದು, ಮೆಟ್ಟಿಲು ಹತ್ತುವುದು ಎಲ್ಲ ಉದ್ದವಾಗುತ್ತದೆ. 1976ರ ‘ಲಾಸ್ಟ್ ಸಲ್ಯೂಟ್ ಟು ದಿ ಕಮೊಡೋರ್’ ಕೊಲೆಗಾರನನ್ನು ಮುಚ್ಚಿಟ್ಟು ಕಟ್ಟುಪಾಡನ್ನೇ ಮುರಿಯಿತು, ಫಾಲ್ಕ್ ಅವರ ಅಭಿನಯವೂ ಅದರಲ್ಲಿ ಅತಿಯಾಯಿತು. 1989ರಿಂದ ಎಬಿಸಿ ವಾಹಿನಿಗೆ ಮಾಡಿದ 24 ಕಂತುಗಳೆಲ್ಲ ಉದ್ದನೆಯವೇ. ಅವುಗಳಲ್ಲಿ ಮತ್ತೆ ಮತ್ತೆ ನೋಡಬಹುದಾದವು ಬೆರಳೆಣಿಕೆಯಷ್ಟು. ‘ಅಜೆಂಡಾ ಫಾರ್ ಮರ್ಡರ್’ (1990) ಖಂಡಿತ ಅವುಗಳಲ್ಲೊಂದು. ಆ ವರ್ಷ ಫಾಲ್ಕ್ ಅವರಿಗೆ ಕೊಲಂಬೊಗಾಗಿ ನಾಲ್ಕನೆಯ ಎಮ್ಮಿ ಬಂತು. ಎಡ್ ಮೆಕ್‌ಬೇನ್ ಕಾದಂಬರಿಗಳಿಂದ ತೆಗೆದ ‘ನೋ ಟೈಮ್ ಟು ಡೈ’ (1992) ಮತ್ತು ‘ಅಂಡರ್‌ಕವರ್’ (1994) ಬಿಟ್ಟುಬಿಡಬಹುದು. ಮೊದಲನೆಯದರಲ್ಲಿ ಕೊಲೆಯೇ ಇಲ್ಲ, ಎರಡರಲ್ಲೂ ಬೆಕ್ಕು ಇಲಿಯಾಟವಿಲ್ಲ. ಬೇರೆ ಯಾವ ಪೊಲೀಸನನ್ನು ತಂದು ನಿಲ್ಲಿಸಿದರೂ ನಡೆಯುವ ಕಥೆಗಳವು.

ಪೆಟ್ಟಿಗೆಯ ದೊಡ್ಡ ಕೊರತೆ ಎಂದರೆ ನಟನ ಬಗ್ಗೆ ಸಂದರ್ಶನ, ತೆರೆಮರೆಯ ಸಾಮಗ್ರಿ ಹೆಚ್ಚೇನೂ ಇಲ್ಲದಿರುವುದು. ಆ ಕೊರತೆಯನ್ನು ನೋಡುವ ಕ್ರಮದಿಂದಲೇ ತುಂಬಿಕೊಳ್ಳಬಹುದು. ಏಳನೆಯ ಸೀಸನ್ 1978ರಲ್ಲಿ ಮುಗಿಯುತ್ತದೆ, ಎಂಟನೆಯದು ಶುರುವಾಗುವುದು 1989ರ ಫೆಬ್ರುವರಿಯಲ್ಲಿ. ಏಳು ಸೀಸನ್ ಮುಗಿದ ಮೇಲೆ ಡಿಸ್ಕ್ ಬದಲಿಸುವ ಮುನ್ನ ನಿಂತು ಮೂರು ಸಿನಿಮಾ ನೋಡಿ. ಮೊದಲನೆಯದು ಜಾನ್ ಕಸಾವೆಟೀಸ್ ನಿರ್ದೇಶನದ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ (1974). ಕೊಲಂಬೊದಿಂದ ಗಳಿಸುತ್ತಿದ್ದ ಹೊತ್ತಿನಲ್ಲೇ ಫಾಲ್ಕ್ ಸ್ವಂತ ಹಣ ಹಾಕಿ ಜೀನಾ ರೋಲಂಡ್ಸ್ ಎದುರು ನಟಿಸಿದ ಚಿತ್ರ ಅದು. ಲೆಫ್ಟಿನೆಂಟನ ತಾಳ್ಮೆಯ ಗುಲಗಂಜಿಯೂ ಅದರಲ್ಲಿಲ್ಲ. ಎರಡನೆಯದು ನಗಿಸುವ ‘ದಿ ಇನ್-ಲಾಸ್’ (1979). ಮೂರನೆಯದು ವಿಮ್ ವೆಂಡರ್ಸ್ ಬರ್ಲಿನ್ನಿನಲ್ಲಿ ತೆಗೆದ ‘ವಿಂಗ್ಸ್ ಆಫ್ ಡಿಸೈರ್’ (1987). ಅದರಲ್ಲಿ ಫಾಲ್ಕ್ ಪೀಟರ್ ಫಾಲ್ಕ್ ಆಗಿಯೇ ಬರುತ್ತಾರೆ. ಧಾರಾವಾಹಿ ನಿಂತು ಒಂಬತ್ತು ವರ್ಷವಾಗಿದ್ದರೂ ದಾರಿಯಲ್ಲಿ ಕಂಡ ಹುಡುಗರು ಅವರನ್ನು ಕೊಲಂಬೊ ಎಂದೇ ಗುರುತಿಸುತ್ತಾರೆ. ಆ ಚಿತ್ರ ಮುಗಿಸಿ, ಮಾರನೆಯ ದಿನ ಎಂಟನೆಯ ಸೀಸನ್ನಿನ ಮೊದಲ ಕಂತು ‘ಕೊಲಂಬೊ ಗೋಸ್ ಟು ದಿ ಗಿಲಟಿನ್’ ಹಾಕಿ. ಕೂದಲು ನರೆತಿದೆ, ಕೋಟು ಅದೇ.