ಬನ್ನೇರುಘಟ್ಟ ರಸ್ತೆಯ ಒಂದು ನ್ಯೂರೋ ಐಸಿಯು: ಐದಕ್ಕೆ ನಾಲ್ಕು

ಅಪ್ಪನಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಿ ಇಲ್ಲಿಗೆ ಸೇರಿಸಿದ್ದೆವು. ಡಾಕ್ಟರು ಬಿಡಿಸಿ ಹೇಳುವ ರೀತಿಗೇ ನನ್ನ ಮೊದಲ ಮೆಚ್ಚುಗೆ.

ಮಾನಿಟರಿನಲ್ಲಿ ಬಿಪಿಯ ಮೇಲಿನ ಸಂಖ್ಯೆ 210. "ಬೇಗ ಇಳಿಸಿಬಿಡಿ ಮೇಡಂ" ಅಂತ ಅಮ್ಮ ಕೈಮುಗಿದರು. ಡ್ಯೂಟಿ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, ಕೇಸ್ ಶೀಟಿನ ಹಿಂದೆ ಲೆಕ್ಕ ಬರೆದು ತೋರಿಸಿದರು. "ತಲೆಬುರುಡೆ ಹಿಗ್ಗಲ್ಲ ಅಮ್ಮ, ರಕ್ತ ಸೋರಿದರೆ ಒಳಗಿನ ಒತ್ತಡ ಏರುತ್ತೆ. ಸರಾಸರಿ ಬಿಪಿಯಲ್ಲಿ ತಲೆಯೊಳಗಿನ ಒತ್ತಡ ಕಳೆಯಿರಿ. ಉಳಿದದ್ದೇ ಮೆದುಳಿಗೆ ರಕ್ತ ತಳ್ಳುವ ಬಲ. ಸರಾಸರಿ ಬಿಪಿ 90ಕ್ಕೆ ಇಳಿದು, ತಲೆಯೊಳಗಿನ ಒತ್ತಡ 25 ಇದೆ ಅಂದುಕೊಳ್ಳಿ, 90ರಲ್ಲಿ 25 ಹೋದರೆ 65. ಅದು 60ಕ್ಕಿಂತ ಕೆಳಗೆ ಹೋಗಬಾರದು."

ಯಾವ ಔಷಧಿ ಅನ್ನುವುದೂ ಮುಖ್ಯವಂತೆ. ನೈಟ್ರೋಪ್ರಸೈಡ್, ನೈಟ್ರೋಗ್ಲಿಸರಿನ್ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಬಿಪಿ ಇಳಿಯುತ್ತದೆ, ಆದರೆ ತಲೆಯೊಳಗೆ ರಕ್ತ ಜಾಸ್ತಿ ತುಂಬಿ ಒತ್ತಡ ಏರಬಹುದು. ಲ್ಯಾಬೆಟಲಾಲ್‌ನಲ್ಲಿ ಆ ತೊಂದರೆ ಅಷ್ಟಾಗಿ ಇಲ್ಲ. ಅಪ್ಪನಿಗೆ ಅದನ್ನೇ ಸಿರಿಂಜ್ ಪಂಪಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಮೇಲಿನ ಸಂಖ್ಯೆಯನ್ನು 140ರ ಹತ್ತಿರಕ್ಕೆ ತಂದರು.

ನರ್ಸ್‌ಗಳು ಇನ್ನೂ ಮೇಲು. ಹಾಸಿಗೆಯ ತಲೆಭಾಗ 30 ಡಿಗ್ರಿ ಎತ್ತಿ, ಕುತ್ತಿಗೆ ವಾಲದಂತೆ ಎರಡೂ ಕಡೆ ಟವೆಲ್ ಸುರುಳಿ ಇಟ್ಟಿದ್ದರು. ರಾತ್ರಿಯೆಲ್ಲಾ ಟಾರ್ಚ್ ಬೆಳಕು ಬಿಟ್ಟು ಕಣ್ಣಿನ ಪಾಪೆ ನೋಡುತ್ತಿದ್ದರು. ಅಪ್ಪ ಕೈ ಸ್ವಲ್ಪ ಆಡಿಸಿದರೂ ಬಂದು ಹೇಳುತ್ತಿದ್ದರು. ಆ ಹೊತ್ತಿನಲ್ಲಿ ಮನೆಯವರಿಗೆ ಬೇಕಾದದ್ದು ಅದೇ ಅಲ್ವಾ?

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಕಾಯುವವರಿಗೆ ಕುರ್ಚಿ ಸಾಲದು. ವಯಸ್ಸಾದವರು ಮೆಟ್ಟಿಲ ಮೇಲೆ ಕೂರುತ್ತಾರೆ. ಫಾರ್ಮಸಿಯಲ್ಲಿ ರಾತ್ರಿ ಒಂದೇ ಕೌಂಟರ್. ದಯವಿಟ್ಟು ಇನ್ನೊಂದು ತೆರೆಯಿರಿ.