ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯ: ಪರವಾನಗಿಯಿಲ್ಲದ ಮೂರು ದಾರಿಗಳು ಮತ್ತು ನನ್ನ ಆಯ್ಕೆ

ಅಮೆರಿಕದ ವಿಶ್ವವಿದ್ಯಾಲಯಗಳ ಸುರಕ್ಷತಾ ವಿಭಾಗಗಳಲ್ಲಿ ಕೆಲಸ ಮಾಡುತ್ತ, ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯವನ್ನು ಪರವಾನಗಿಯ ಗೊಡವೆಯಿಲ್ಲದೆ ಕಾನೂನಿನೊಳಗೇ ನಿಭಾಯಿಸುವ ಮೂರು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ. ಮೊದಲನೆಯದು ತ್ಯಾಜ್ಯ ಹುಟ್ಟಿಸುವ ದೊಡ್ಡ, ಸಣ್ಣ ಉತ್ಪಾದಕರಿಗೆಲ್ಲ ಅನ್ವಯವಾಗುವ ಸ್ಯಾಟಲೈಟ್ ಸಂಗ್ರಹದ ನಿಯಮ, ಅಂದರೆ ತ್ಯಾಜ್ಯವನ್ನು ಹುಟ್ಟಿದ ಜಾಗದಲ್ಲಿಯೇ ಕೂಡಿಡುವ ನಿಯಮ. ಎರಡನೆಯದು ಶೈಕ್ಷಣಿಕ ಪ್ರಯೋಗಾಲಯಗಳಿಗೆಂದೇ 2008ರಲ್ಲಿ ಬಂದ ಸಬ್‌ಪಾರ್ಟ್ ಕೆ. ಮೂರನೆಯದು ತ್ಯಾಜ್ಯವನ್ನು ಹೊರಗೆ ಕಳುಹಿಸುವ ಬದಲು ಪ್ರಯೋಗಾಲಯದಲ್ಲಿಯೇ ಸಂಸ್ಕರಿಸುವುದು. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೂರನೆಯದನ್ನು ಹೊಗಳುವವರು ಬಹಳ ಮಂದಿ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಅದರ ಕಾಗದಪತ್ರಗಳನ್ನು ಸ್ವತಃ ತುಂಬಿದವರಲ್ಲ ಎಂಬುದು ನನ್ನ ಅನುಮಾನ.

ಪರವಾನಗಿಯ ಪ್ರಶ್ನೆ ಏಕೆ ಏಳುತ್ತದೆ ಎಂಬುದನ್ನು ಮೊದಲು ಹೇಳಬೇಕು. ಆರ್‌ಸಿಆರ್‌ಎ ಎಂದು ಕರೆಯಲಾಗುವ 1976ರ ಕಾಯ್ದೆಯ ಪ್ರಕಾರ, ಅಪಾಯಕಾರಿ ತ್ಯಾಜ್ಯವನ್ನು ಶೇಖರಿಸುವ, ಸಂಸ್ಕರಿಸುವ ಅಥವಾ ವಿಲೇವಾರಿ ಮಾಡುವ ಸ್ಥಳಕ್ಕೆ ಪರವಾನಗಿ ಬೇಕು. ಈ ನಿಯಮಗಳನ್ನು ರೂಪಿಸಿದವರ ಕಣ್ಣ ಮುಂದಿದ್ದದ್ದು ಕಾರ್ಖಾನೆ: ಒಂದೆರಡು ಬಗೆಯ ತ್ಯಾಜ್ಯ, ಪೀಪಾಯಿಗಟ್ಟಲೆ ಪ್ರಮಾಣ, ವರ್ಷವಿಡೀ ಬದಲಾಗದ ಪ್ರಕ್ರಿಯೆ. ರಸಾಯನಶಾಸ್ತ್ರ ವಿಭಾಗದ ಒಂದು ಮಹಡಿಯಲ್ಲಿ ಪರಿಸ್ಥಿತಿ ಪೂರ್ತಿ ತಲೆಕೆಳಗು. ಅಲ್ಲಿ ನೂರಾರು ಬಗೆಯ ದ್ರವಗಳು ಅರ್ಧ ಲೀಟರಿನಂತೆ, ಕಾಲು ಲೀಟರಿನಂತೆ ಹುಟ್ಟುತ್ತವೆ, ಮತ್ತು ಅವುಗಳನ್ನು ಹುಟ್ಟಿಸುವವರು ಪ್ರತಿ ಸೆಮಿಸ್ಟರಿಗೂ ಬದಲಾಗುವ ವಿದ್ಯಾರ್ಥಿಗಳು. ಪೂರ್ಣ ಪ್ರಮಾಣದ ಪಾರ್ಟ್ ಬಿ ಪರವಾನಗಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಇಂತಹ ಜಾಗಕ್ಕೆ ಹೇಳಿದ್ದಲ್ಲ. ಹಾಗಾಗಿ ಎಲ್ಲರೂ ವಿನಾಯಿತಿಗಳ ಆಸರೆಯಲ್ಲಿಯೇ ಬದುಕುತ್ತಾರೆ, ಮತ್ತು ಹೋಲಿಕೆಯೆಂದರೆ ಯಾವ ವಿನಾಯಿತಿ ನಿತ್ಯದ ಕೆಲಸಕ್ಕೆ ಒಗ್ಗುತ್ತದೆ ಎಂಬುದಷ್ಟೇ.

ಸ್ಯಾಟಲೈಟ್ ಸಂಗ್ರಹದ ನಿಯಮ ಕಾಗದದ ಮೇಲೆ ಸರಳವಾಗಿದೆ. ತ್ಯಾಜ್ಯ ಹುಟ್ಟುವ ಜಾಗದಲ್ಲಿ ಅಥವಾ ಅದರ ಸಮೀಪದಲ್ಲಿ, ಕೆಲಸ ಮಾಡುವವರ ಹತೋಟಿಯಲ್ಲಿ, 55 ಗ್ಯಾಲನ್‌ವರೆಗೆ ಇಟ್ಟುಕೊಳ್ಳಬಹುದು. ತೀವ್ರ ವಿಷಕಾರಿ ದ್ರವವಾದರೆ ಮಿತಿ ಒಂದು ಕ್ವಾರ್ಟ್, ಅಂದರೆ ಸುಮಾರು ಒಂದು ಲೀಟರ್. ಈ ಮಿತಿ ದಾಟಿದ ದಿನವನ್ನು ಡಬ್ಬಿಯ ಮೇಲೆ ಬರೆದು, ಹೆಚ್ಚುವರಿಯನ್ನು ಮೂರು ದಿನಗಳೊಳಗೆ ಕೇಂದ್ರ ಸಂಗ್ರಹಾಗಾರಕ್ಕೆ ಸಾಗಿಸಬೇಕು. ಅಲ್ಲಿಂದ ಮುಂದೆ ದೊಡ್ಡ ಉತ್ಪಾದಕರಿಗೆ 90 ದಿನ, ಸಣ್ಣ ಉತ್ಪಾದಕರಿಗೆ 180 ದಿನ. 55 ಗ್ಯಾಲನ್ ಎಂದರೆ ಇನ್ನೂರು ಲೀಟರಿಗೂ ಹೆಚ್ಚು, ಆದ್ದರಿಂದ ಸಾಧಾರಣ ಪ್ರಯೋಗಾಲಯವೊಂದು ಆ ಮಿತಿಯನ್ನು ಮುಟ್ಟುವುದೇ ಅಪರೂಪ. ಪ್ರಮಾಣದ ವಿಷಯದಲ್ಲಿ ನನಗೆ ಇದರ ಮೇಲೆ ಯಾವ ದೂರೂ ಇಲ್ಲ.

ದೂರು ಇರುವುದು ಮುಚ್ಚಳದ ಬಗ್ಗೆ.

ತ್ಯಾಜ್ಯವನ್ನು ಹಾಕುವಾಗ ಅಥವಾ ತೆಗೆಯುವಾಗ ಮಾತ್ರ ಡಬ್ಬಿ ತೆರೆದಿರಬೇಕು, ಉಳಿದ ಹೊತ್ತೆಲ್ಲ ಮುಚ್ಚಿರಬೇಕು ಎಂಬುದು ಸ್ಯಾಟಲೈಟ್ ನಿಯಮದ ಮೂಲ ಷರತ್ತು. ಆವಿ ಹೊರಬರಬಾರದು, ಉರುಳಿದರೆ ಚೆಲ್ಲಬಾರದು ಎಂಬ ಉದ್ದೇಶದಲ್ಲಿ ತಪ್ಪೇನೂ ಇಲ್ಲ. ಆದರೆ ದ್ರವ ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದ ಪಕ್ಕದಲ್ಲಿ ನಿಂತು ಇದನ್ನು ಓದಿ ನೋಡಬೇಕು. ಯಂತ್ರದಿಂದ ಹೊರಡುವ ತೆಳುವಾದ ಕೊಳವೆ ನಾಲ್ಕು ಲೀಟರಿನ ಬಾಟಲಿಯೊಳಕ್ಕೆ ಅಸಿಟೋನೈಟ್ರೈಲ್ ಬೆರೆತ ನೀರನ್ನು ಹನಿ ಹನಿಯಾಗಿ ರಾತ್ರಿಯಿಡೀ ಬಿಡುತ್ತಿರುತ್ತದೆ. ದ್ರವ ಒಳಗೆ ಹೋದಷ್ಟು ಗಾಳಿ ಹೊರಗೆ ಬರಲೇಬೇಕು. ಬಾಟಲಿಯನ್ನು ಬಿಗಿಯಾಗಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ, ಸಡಿಲವಾಗಿ ಬಿಟ್ಟರೆ ತಪಾಸಣಾಧಿಕಾರಿಯ ಕಣ್ಣಿಗೆ ಅದು ತೆರೆದ ಡಬ್ಬಿ. ಮುಚ್ಚಳದಲ್ಲಿ ರಂಧ್ರ ಕೊರೆದು ಕೊಳವೆಯನ್ನು ತೂರಿಸಿದರೂ ಕೊಳವೆಯ ಸುತ್ತಲಿನ ಸಂದಿಯನ್ನು ತೋರಿಸಿ ಪ್ರಶ್ನೆ ಕೇಳುತ್ತಾರೆ. ಸಂದಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂತಹ ಹಾಳೆ ಸುತ್ತಿದರೆ ಅದು ಮುಚ್ಚಳವಲ್ಲ ಎನ್ನುತ್ತಾರೆ, ಮತ್ತು ಆ ಮಾತನ್ನು ಅಲ್ಲಗಳೆಯಲಾಗದು. ಯಂತ್ರ ಓಡುತ್ತಿರುವಷ್ಟು ಹೊತ್ತೂ ತ್ಯಾಜ್ಯವನ್ನು ಹಾಕುತ್ತಿದ್ದೇವೆ ಎಂದೇ ಲೆಕ್ಕವಲ್ಲವೇ ಎಂದು ವಾದಿಸಬಹುದು. ಒಬ್ಬ ಅಧಿಕಾರಿ ಅದನ್ನು ಒಪ್ಪುತ್ತಾರೆ, ಮುಂದಿನವರು ಹತ್ತಿರ ಯಾರೂ ನಿಂತಿರಲಿಲ್ಲ ಎಂಬ ಕಾರಣಕ್ಕೆ ಒಪ್ಪುವುದಿಲ್ಲ.

ಎಚ್‌ಪಿಎಲ್‌ಸಿಗೆ ಕೊನೆಗೂ ಹಣದ ಪರಿಹಾರವಿದೆ: ಕೊಳವೆಗೆ ಸರಿಹೊಂದುವ ತಿರುಪಿನ ಜೋಡಣೆ ಮತ್ತು ಇದ್ದಿಲಿನ ಫಿಲ್ಟರ್ ಇರುವ ಸಿದ್ಧ ಮುಚ್ಚಳಗಳು ಸಿಗುತ್ತವೆ. ಆದರೆ ಎಷ್ಟು ಹಣ ಸುರಿದರೂ ಬಗೆಹರಿಯದಿದ್ದದ್ದು ಅನಿಲ ಬಿಡುವ ತ್ಯಾಜ್ಯ. ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೊಜನ್ ಪೆರಾಕ್ಸೈಡಿನ ಮಿಶ್ರಣವಾದ ಪಿರಾನ್ಹಾ ದ್ರಾವಣ, ಬಳಕೆ ಮುಗಿದ ಮೇಲೂ ಗಂಟೆಗಟ್ಟಲೆ ಆಮ್ಲಜನಕವನ್ನು ಬಿಡುತ್ತಲೇ ಇರುತ್ತದೆ. ನೈಟ್ರಿಕ್ ಆಮ್ಲದ ಬಾಟಲಿಗೆ ಅರಿವಿಲ್ಲದೆ ಸ್ವಲ್ಪ ಮೆಥನಾಲ್ ಸೇರಿದರೂ ಸಾಕು, ಒಳಗೆ ಅನಿಲ ತುಂಬತೊಡಗುತ್ತದೆ. ಇಂತಹ ಬಾಟಲಿಗೆ ಬಿಗಿಯಾದ ಮುಚ್ಚಳ ಹಾಕುವುದೆಂದರೆ ಗಾಜಿನ ಚೂರುಗಳನ್ನು ಕೋಣೆಯ ತುಂಬ ಎರಚಲು ವ್ಯವಸ್ಥೆ ಮಾಡಿದಂತೆ. ರಸಾಯನಶಾಸ್ತ್ರ ಬಲ್ಲವರು ಸಡಿಲ ಬಿಡು ಎನ್ನುತ್ತಾರೆ, ನಿಯಮದ ಪುಸ್ತಕ ಮುಚ್ಚು ಎನ್ನುತ್ತದೆ, ನಡುವೆ ನಿಂತ ಎರಡನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ ಸುರಕ್ಷತಾ ವಿಭಾಗಕ್ಕೆ ಫೋನು ಮಾಡುತ್ತಾಳೆ. ಆ ಫೋನನ್ನು ಎತ್ತಿಕೊಳ್ಳುವುದು ನನ್ನ ಕೆಲಸವಾಗಿತ್ತು.

2016ರ ಉತ್ಪಾದಕ ನಿಯಮಗಳ ಪರಿಷ್ಕರಣೆಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಉಪಕರಣ ಸರಿಯಾಗಿ ನಡೆಯಲು ಅಥವಾ ಅಪಾಯಕಾರಿ ಒತ್ತಡ ಏರದಂತೆ ತಡೆಯಲು ತಾತ್ಕಾಲಿಕವಾಗಿ ಗಾಳಿ ಬಿಡಬಹುದು ಎಂಬ ಮಾತು ಸ್ಯಾಟಲೈಟ್ ನಿಯಮಕ್ಕೂ ಬಂತು. ಆದರೆ ಒಕ್ಕೂಟದ ನಿಯಮ ಸಡಿಲವಾದ ಮಾತ್ರಕ್ಕೆ ರಾಜ್ಯದ ನಿಯಮ ತಾನಾಗಿ ಸಡಿಲವಾಗುವುದಿಲ್ಲ. ಬಿಗಿಯಾದ ಭಾಗಗಳನ್ನು ರಾಜ್ಯಗಳು ಅಳವಡಿಸಿಕೊಳ್ಳಲೇಬೇಕು, ಸಡಿಲವಾದ ಭಾಗಗಳು ಅವುಗಳ ಇಚ್ಛೆಗೆ ಬಿಟ್ಟದ್ದು. ಇಪಿಎಯ ಪ್ರಕಟಣೆಯನ್ನು ಓದಿ ಮುಚ್ಚಳವನ್ನು ಸಡಿಲಿಸುವ ಮೊದಲು ನಿಮ್ಮ ರಾಜ್ಯ ಅದನ್ನು ಒಪ್ಪಿಕೊಂಡಿದೆಯೇ ಎಂದು ನೋಡುವುದು ಅಗತ್ಯ.

ಸಬ್‌ಪಾರ್ಟ್ ಕೆ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದನ್ನು ಬರೆದವರು ಒಮ್ಮೆಯಾದರೂ ಪ್ರಯೋಗಾಲಯದ ಮೇಜಿನ ಬಳಿ ನಿಂತಿದ್ದರು ಎಂಬುದು ಓದಿದಾಕ್ಷಣ ತಿಳಿಯುತ್ತದೆ. ಎರಡು ಗ್ಯಾಲನ್ ಅಥವಾ ಅದಕ್ಕಿಂತ ಚಿಕ್ಕದಾದ ಡಬ್ಬಿ ಮೇಜಿನ ಮೇಲೆ ಬಳಕೆಯಲ್ಲಿದ್ದರೆ, ಪ್ರಯೋಗ ಮುಗಿಯುವವರೆಗೆ ಅಥವಾ ಪಾಳಿ ಮುಗಿಯುವವರೆಗೆ ಅದು ತೆರೆದಿರಬಹುದು. ತುಂಬಿದ ಕೂಡಲೇ ಮುಚ್ಚಬೇಕು. ಎಚ್‌ಪಿಎಲ್‌ಸಿಯಂತಹ ಉಪಕರಣಗಳಿಗೆ ಗಾಳಿದಾರಿ ಇರಬಹುದೆಂದು ನಿಯಮವೇ ಹೆಸರು ಹಿಡಿದು ಹೇಳುತ್ತದೆ. ಒತ್ತಡ ಏರುವ ದ್ರವಗಳಿಗೂ ಅದೇ ಅನುಮತಿಯಿದೆ. ನಾನು ಆ ಪದ್ಧತಿಯ ಸಂಸ್ಥೆಗೆ ಬಂದ ಮೇಲೆ ಮುಚ್ಚಳದ ಫೋನುಗಳು ನಿಂತೇ ಹೋದವು.

ಇನ್ನೂ ದೊಡ್ಡ ಅನುಕೂಲವೆಂದರೆ ತೀರ್ಮಾನ ಯಾರದು ಎಂಬುದರಲ್ಲಾದ ಬದಲಾವಣೆ. ಸಾಮಾನ್ಯ ನಿಯಮದಲ್ಲಿ ತ್ಯಾಜ್ಯ ಅಪಾಯಕಾರಿಯೋ ಅಲ್ಲವೋ ಎಂಬುದು ಅದು ಹುಟ್ಟಿದ ಜಾಗದಲ್ಲಿ, ಹುಟ್ಟಿದ ಹೊತ್ತಿನಲ್ಲಿಯೇ ನಿರ್ಧಾರವಾಗಬೇಕು. ಸಬ್‌ಪಾರ್ಟ್ ಕೆ ಪ್ರಕಾರ ವಿದ್ಯಾರ್ಥಿ ಬೇಡದ ವಸ್ತು ಎಂದು ಬರೆದು ಒಳಗೇನಿದೆ ಎಂಬುದನ್ನು ನಮೂದಿಸಿದರೆ ಸಾಕು. ತರಬೇತಿ ಪಡೆದವರು ಅದನ್ನು ಪ್ರಯೋಗಾಲಯದಲ್ಲಿಯೇ ಪರೀಕ್ಷಿಸಿ ತೀರ್ಮಾನಿಸಬಹುದು, ಇಲ್ಲವೇ ಕೇಂದ್ರ ಸಂಗ್ರಹಾಗಾರಕ್ಕೆ ತಂದ ನಾಲ್ಕು ದಿನಗಳೊಳಗೆ ತೀರ್ಮಾನಿಸಬಹುದು. ಡಿ001, ಎಫ್003 ಮುಂತಾದ ತ್ಯಾಜ್ಯ ವರ್ಗಗಳ ಸಂಕೇತಗಳನ್ನು ಇಪ್ಪತ್ತರ ಹರೆಯದವರಿಗೆ ಕಂಠಪಾಠ ಮಾಡಿಸುವ ಶ್ರಮ ಉಳಿಯುತ್ತದೆ. ಈ ಸಡಿಲಿಕೆಯಿಂದ ಸುರಕ್ಷತೆ ತಗ್ಗುತ್ತದೆ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಇಷ್ಟೇ: ತೀರ್ಮಾನ ಕಡಿಮೆ ಬಲ್ಲವರ ಕೈಯಿಂದ ಹೆಚ್ಚು ಬಲ್ಲವರ ಕೈಗೆ ಹೋಗಿದೆ, ತಪ್ಪಿಹೋಗಿಲ್ಲ.

ಹಳೆಯ ದಾಸ್ತಾನಿನ ಲೆಕ್ಕ ಮತ್ತೊಂದು. ನಿವೃತ್ತರಾದ ಪ್ರಾಧ್ಯಾಪಕರ ಕಪಾಟನ್ನು ತೆರೆದರೆ ಮುಚ್ಚಳ ತೆರೆಯದ ಸೋಡಿಯಂ ಅಜೈಡ್ ಬಾಟಲಿಗಳು, ಒಣಗಿ ನಿಂತ ಪಿಕ್ರಿಕ್ ಆಮ್ಲ, ದಿನಾಂಕವಿಲ್ಲದ ಈಥರ್, ಎಲ್ಲವೂ ಸಿಗುತ್ತವೆ. ತೀವ್ರ ಅಪಾಯಕಾರಿ ಪಟ್ಟಿಯಲ್ಲಿರುವ ಸೋಡಿಯಂ ಅಜೈಡಿನಂತಹ ವಸ್ತು ಒಂದು ತಿಂಗಳಲ್ಲಿ ಒಂದು ಕಿಲೋ ಮೀರಿದರೆ ಸಾಕು, ಸಣ್ಣ ಉತ್ಪಾದಕ ಸಂಸ್ಥೆ ಆ ತಿಂಗಳಿಗೆ ದೊಡ್ಡ ಉತ್ಪಾದಕವಾಗಿಬಿಡುತ್ತದೆ. ಈ ಭಯದಿಂದ ಕಪಾಟನ್ನು ತೆರೆಯದೆಯೇ ಬಿಡುವುದನ್ನು ನಾನು ಕಂಡಿದ್ದೇನೆ. ನಿಯಮದ ಬಿಗಿಯೇ ಅಪಾಯವನ್ನು ಕಪಾಟಿನೊಳಗೆ ಬೆಳೆಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಸಬ್‌ಪಾರ್ಟ್ ಕೆ ಪ್ರತಿ ಪ್ರಯೋಗಾಲಯಕ್ಕೂ ಹನ್ನೆರಡು ತಿಂಗಳಿಗೊಮ್ಮೆ 30 ದಿನಗಳ ಸ್ವಚ್ಛತಾ ಅವಧಿಯನ್ನು ಕೊಡುತ್ತದೆ, ಮತ್ತು ಆ ಅವಧಿಯಲ್ಲಿ ಹೊರಬಿದ್ದ, ಬಳಸದೆ ಉಳಿದ ರಾಸಾಯನಿಕಗಳು ಉತ್ಪಾದಕರ ವರ್ಗದ ಲೆಕ್ಕಕ್ಕೆ ಸೇರುವುದಿಲ್ಲ.

ಇದರ ಹೊರೆಗಳನ್ನೂ ಹೇಳಬೇಕು. ಪ್ರಯೋಗಾಲಯ ನಿರ್ವಹಣಾ ಯೋಜನೆ ಎಂಬ ದಾಖಲೆಯನ್ನು ಎರಡು ಭಾಗಗಳಲ್ಲಿ ಬರೆಯಬೇಕು. ಮೊದಲ ಭಾಗದಲ್ಲಿ ಬರೆದದ್ದನ್ನು ಮೀರಿದರೆ ಅದೇ ಉಲ್ಲಂಘನೆಯಾಗುತ್ತದೆ, ಆದ್ದರಿಂದ ಅಲ್ಲಿ ದೊಡ್ಡ ಮಾತುಗಳನ್ನು ಬರೆಯದಿರುವುದೇ ಜಾಣತನ. ಆಯ್ದ ವಿಭಾಗಗಳಿಗೆ ಮಾತ್ರ ಇದನ್ನು ಅನ್ವಯಿಸಲು ಬರುವುದಿಲ್ಲ. ಒಂದೇ ಇಪಿಎ ಗುರುತಿನ ಸಂಖ್ಯೆಯಡಿ ಸಂಸ್ಥೆ ನಡೆಸುವ ಎಲ್ಲ ಪ್ರಯೋಗಾಲಯಗಳೂ ಸೇರಬೇಕು, ಮತ್ತು ಪ್ರಯೋಗಾಲಯದ ವ್ಯಾಖ್ಯೆಯೊಳಗೆ ಬೋಧನೆಯ ಕಲಾ ಸ್ಟುಡಿಯೊ, ಛಾಯಾಚಿತ್ರ ಕೋಣೆಗಳೂ ಬರುತ್ತವೆ. ಟರ್ಪೆಂಟೈನ್ ಚಿಂದಿಬಟ್ಟೆಯ ಬಗ್ಗೆ ಚಿತ್ರಕಲಾ ವಿಭಾಗದವರೊಂದಿಗೆ ನಡೆಸಿದ ಮಾತುಕತೆ ರಸಾಯನಶಾಸ್ತ್ರಜ್ಞರೊಂದಿಗಿನ ಎಲ್ಲ ಮಾತುಕತೆಗಳಿಗಿಂತ ದೀರ್ಘವಾಗಿತ್ತು. ನಾಲ್ಕು ದಿನಗಳ ಗಡುವು ಕಟ್ಟುನಿಟ್ಟಾದದ್ದು, ದೀರ್ಘ ರಜೆಯ ಹಿಂದಿನ ದಿನ ಸಂಗ್ರಹಕ್ಕೆ ಹೊರಡಬಾರದು.

ಇನ್ನು ಸಂಸ್ಕರಣೆ. ಹೊರಗೆ ಕಳುಹಿಸುವ ಬದಲು ಇಲ್ಲಿಯೇ ನಿರಪಾಯಗೊಳಿಸುವುದು ತರ್ಕಕ್ಕೆ ಹತ್ತಿರವಾಗಿ ಕಾಣುತ್ತದೆ, ಸಣ್ಣ ಬಾಟಲಿಗಳನ್ನು ಪೀಪಾಯಿಯಲ್ಲಿ ಜೋಡಿಸಿ ಕಳುಹಿಸುವ ಲ್ಯಾಬ್ ಪ್ಯಾಕ್ ಖರ್ಚನ್ನು ಕಂಡವರಿಗಂತೂ ಹಾಗೆಯೇ ಅನ್ನಿಸುತ್ತದೆ. ಕೇವಲ ಆಮ್ಲೀಯತೆಯ ಅಥವಾ ಕ್ಷಾರೀಯತೆಯ ಕಾರಣದಿಂದ ಅಪಾಯಕಾರಿಯಾದ ದ್ರಾವಣವನ್ನು ತಟಸ್ಥಗೊಳಿಸಲು ಪರವಾನಗಿ ಬೇಡ, ಮತ್ತು ಇದು ನಿಜಕ್ಕೂ ಉಪಯುಕ್ತ. ಕೇವಲ ಎಂಬ ಷರತ್ತು ಮಾತ್ರ ಬಹಳ ಬಿಗಿ. ಕ್ರೋಮಿಕ್ ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಏಳಕ್ಕೆ ತಂದರೂ ಕ್ರೋಮಿಯಂ ಅಲ್ಲಿಯೇ ಉಳಿಯುತ್ತದೆ, ಆದ್ದರಿಂದ ಅದಕ್ಕೆ ಈ ವಿನಾಯಿತಿ ಸಲ್ಲುವುದಿಲ್ಲ. ತಟಸ್ಥಗೊಂಡದ್ದನ್ನು ಸಿಂಕಿಗೆ ಸುರಿಯುವ ಮೊದಲು ಸ್ಥಳೀಯ ಒಳಚರಂಡಿ ಸಂಸ್ಥೆಯ ಮಿತಿಗಳನ್ನು ನೋಡಬೇಕು; ಪಿಎಚ್ ಐದಕ್ಕಿಂತ ಕೆಳಗಿರಬಾರದೆಂಬುದು ಒಕ್ಕೂಟದ ಸಾಮಾನ್ಯ ನಿಷೇಧ.

ಸಂಗ್ರಹದ ಡಬ್ಬಿಯಲ್ಲಿಯೇ ಸಂಸ್ಕರಿಸಬಹುದೆಂದು ಇಪಿಎ 1986ರಲ್ಲಿಯೇ ವಿವರಣೆ ಕೊಟ್ಟಿತ್ತು, ಸುಡುವಂತಹ ಉಷ್ಣ ಸಂಸ್ಕರಣೆ ಮಾತ್ರ ಅದರಲ್ಲಿ ಸೇರಿರಲಿಲ್ಲ. ಆದರೆ ತ್ಯಾಜ್ಯವನ್ನು ನೆಲದಲ್ಲಿ ಹೂಳುವ ಮೊದಲು ಮುಟ್ಟಬೇಕಾದ ಮಾನದಂಡ ತಲುಪುವ ಉದ್ದೇಶದಿಂದ ಸಂಸ್ಕರಿಸಿದರೆ ತ್ಯಾಜ್ಯ ವಿಶ್ಲೇಷಣಾ ಯೋಜನೆಯನ್ನು ಬರೆದಿಡಬೇಕು, ಮತ್ತು ಪ್ರತಿ ವಾರ ಬೇರೆ ಮಿಶ್ರಣ ಹುಟ್ಟುವ ಜಾಗದಲ್ಲಿ ಅದನ್ನು ಬರೆದು ಮುಗಿಸುವುದೆಂತು? ವಿಚಿತ್ರವೆಂದರೆ ತಿಂಗಳಿಗೆ 100 ಕಿಲೋ ಮೀರದ ಅತಿ ಸಣ್ಣ ಉತ್ಪಾದಕರಿಗೆ ಈ ಸ್ವಾತಂತ್ರ್ಯ ದೊಡ್ಡವರಷ್ಟು ಸುಲಭವಾಗಿ ಸಿಗುವುದಿಲ್ಲ. ಪ್ರಯೋಗದ ಕೊನೆಯ ಹಂತವಾಗಿಯೇ ಉಳಿಕೆಯನ್ನು ನಾಶಪಡಿಸುವ ಕ್ರಮ, ಉದಾಹರಣೆಗೆ ನೀರು ತಗುಲಿದರೆ ಉಗ್ರವಾಗಿ ವರ್ತಿಸುವ ಹೈಡ್ರೈಡ್ ಮಿಕ್ಕಿದ್ದರೆ ಅದನ್ನು ಪಾತ್ರೆಯಲ್ಲಿಯೇ ತಣ್ಣಗೆ ನಿಷ್ಕ್ರಿಯಗೊಳಿಸುವುದು, ಎಲ್ಲಕ್ಕಿಂತ ಒಳ್ಳೆಯದು. ಅದನ್ನು ವಿಧಾನದ ಬರಹದಲ್ಲಿ ಸೇರಿಸಿಡಬೇಕು, ಪ್ರಯೋಗ ಮುಗಿದ ಮಾರನೆಯ ವಾರ ನೆನಪಾಗಿ ಮಾಡಿದರೆ ಅದು ಪರವಾನಗಿಯ ಪ್ರಶ್ನೆಯಾಗುತ್ತದೆ.

ನನ್ನ ಅಭ್ಯಾಸ ಮಹಡಿಯಿಂದ ಮಹಡಿಗೆ ತಿರುಗಿ ಬಾಟಲಿಗಳನ್ನು ಕಣ್ಣಾರೆ ನೋಡುವುದು. ಕೂತು ವಿಶ್ಲೇಷಣಾ ಯೋಜನೆ ಬರೆಯುವುದು ನನಗೆ ಒಗ್ಗದು. ನಾನಿದ್ದ ವಿಭಾಗಕ್ಕೆ ತರಬೇತಿ ಪಡೆದ ಕೆಲವು ಕೈಗಳಿದ್ದವು, ದುಬಾರಿ ಉಪಕರಣಕ್ಕೆ ಹಣವಿರಲಿಲ್ಲ. ಇಂತಹ ಸ್ಥಿತಿಯಲ್ಲಿರುವ ವಿಶ್ವವಿದ್ಯಾಲಯಕ್ಕೆ, ಅದರ ರಾಜ್ಯ ಸಬ್‌ಪಾರ್ಟ್ ಕೆಯನ್ನು ಅಳವಡಿಸಿಕೊಂಡಿದ್ದರೆ, ನಾನು ಎರಡು ಬಾರಿ ಯೋಚಿಸದೆ ಅದನ್ನೇ ಹೇಳುತ್ತೇನೆ. ಸುರಕ್ಷತಾ ವಿಭಾಗದಲ್ಲಿ ಒಬ್ಬರೇ ಇದ್ದು ತ್ಯಾಜ್ಯ ನಾಲ್ಕೈದು ಬಗೆಯದ್ದಷ್ಟೇ ಆಗಿದ್ದರೆ ಸ್ಯಾಟಲೈಟ್ ನಿಯಮವೇ ಸಾಕು, ಯೋಜನೆ ಬರೆಯುವ ಶ್ರಮವಾದರೂ ಉಳಿಯುತ್ತದೆ. ಖಾಸಗಿ ಕಂಪನಿಯ ಪ್ರಯೋಗಾಲಯಗಳಿಗೂ ಸರ್ಕಾರಿ ಸಂಶೋಧನಾ ಕೇಂದ್ರಗಳಿಗೂ ಸಬ್‌ಪಾರ್ಟ್ ಕೆ ಲಭ್ಯವಿಲ್ಲದ ಕಾರಣ ಅವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅವರು ತಾನಾಗಿ ಮುಚ್ಚಿಕೊಳ್ಳುವ ಲಾಳಿಕೆಗಳನ್ನೂ ಫಿಲ್ಟರ್ ಇರುವ ಮುಚ್ಚಳಗಳನ್ನೂ ಮೊದಲೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.